ಯಂತ್ರಕ್ಕೆ ಹೇಳಿದ ಸುಳ್ಳು

ನಮ್ಮೂರಿನಲ್ಲಿ ಸುಳ್ಳು ಹೇಳಿದವರ ನಾಲಿಗೆಗೆ ಏಳು ದಿನ ಉಪ್ಪು ಹತ್ತುವುದಿಲ್ಲ. ಸಿಹಿ, ಹುಳಿ, ಖಾರ ಎಲ್ಲ ಎಂದಿನಂತೆಯೇ ಇರುತ್ತವೆ. ಉಪ್ಪೊಂದು ಮಾತ್ರ ಹೊರಟುಹೋಗುತ್ತದೆ. ಹೊರಗಿನಿಂದ ಬಂದವರಿಗೂ ಅಷ್ಟೇ, ನಮ್ಮ ಕೆರೆಯ ನೀರು ಒಂದು ಲೋಟ ಹೊಟ್ಟೆಗಿಳಿದಿದ್ದರೆ ಸಾಕು. ಹೀಗಾಗಿ ನಮ್ಮಲ್ಲಿ ಮಾತು ಕಡಿಮೆ. ಹೋಟೆಲಿನ ಹಲಗೆಯ ಮೇಲೆ ‘ನಿನ್ನೆಯ ವಡೆ, ಇವತ್ತಿನ ಚಟ್ನಿ’ ಎಂದು ಬರೆದಿರುತ್ತದೆ. ಹೆಣ್ಣು ನೋಡಲು ಬಂದವರು ಹೆಣ್ಣು ಹಿಡಿಸದಿದ್ದರೆ ಉಪ್ಪಿಟ್ಟು ತಿಂದು, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುವ ಹಾಗಿಲ್ಲ. ಸುಮ್ಮನಿದ್ದರೆ ಉಪ್ಪು ಹೋಗುವುದಿಲ್ಲ. ಆದ್ದರಿಂದ ನಮ್ಮೂರಲ್ಲಿ ಎಲ್ಲರೂ ಸುಮ್ಮನಿರುವುದನ್ನು ಚೆನ್ನಾಗಿ ಕಲಿತಿದ್ದಾರೆ.

ನನ್ನ ಹೆಸರು ಗುರುಸಿದ್ಧಪ್ಪ. ಇಲ್ಲಿನ ಸಾಕ್ಷಿ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತ. ನಮ್ಮೂರಿನ ಸಾಕ್ಷಿ ಎಂದರೆ ಸುತ್ತಲಿನ ಎಲ್ಲ ಕೋರ್ಟುಗಳಲ್ಲೂ ಮರುಮಾತಿಲ್ಲ. ಸಾಕ್ಷಿದಾರ ಹೇಳಿದ್ದನ್ನು ನಾನು ಕಂಪ್ಯೂಟರಿನಲ್ಲಿ ಇಳಿಸಿ, ಓದಿ ಹೇಳಿ, ಮೊಹರು ಹಾಕುತ್ತೇನೆ. ಮೊಹರಿಗೆ ಮುಂಚೆ ನನ್ನೆದುರು ಮೂರು ಲೋಟ ನೀರು ಇಡುತ್ತಾರೆ. ಒಂದರಲ್ಲಿ ಉಪ್ಪು ಕರಗಿಸಿರುತ್ತದೆ. ಅದು ಯಾವುದೆಂದು ನಾನು ಎಲ್ಲರೆದುರು ತೋರಿಸಬೇಕು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ನನ್ನ ಬೆರಳು ತಪ್ಪು ಲೋಟದ ಕಡೆ ಹೋಗಿರಲಿಲ್ಲ.

ಈ ಕೆಲಸದಲ್ಲಿದ್ದವನಿಗೆ ಅನುಮಾನ ರಕ್ತಕ್ಕಿಳಿಯುತ್ತದೆ. ಮದುವೆ ಮನೆಗೆ ಹೋದರೆ ನಾನು ಹುಡುಗ ಹುಡುಗಿಯನ್ನು ನೋಡುವುದಿಲ್ಲ, ಪಂಕ್ತಿ ನೋಡುತ್ತೇನೆ: ಉಪ್ಪಿನಕಾಯಿ ಎರಡನೇ ಸಲ ಕೇಳಿದವರು ಯಾರು, ಸಾರಿಗೆ ಉಪ್ಪು ಸಾಲದು ಎಂದು ಗೊಣಗಿದವರು ಯಾರು. ಹೆಂಡತಿ ಪಕ್ಕದಲ್ಲಿ ಕುಳಿತು ತೊಡೆ ಚಿವುಟಿದರೂ ಪಂಕ್ತಿಯಿಂದ ಕಣ್ಣು ತೆಗೆಯುವುದಿಲ್ಲ. ಸಾಕ್ಷಿ ಮನೆಯಲ್ಲಿ ಅನುಮಾನದ ಪುಸ್ತಕ ಅಂತಲೇ ಒಂದಿದೆ. ಗುಮಾಸ್ತನಿಗೆ ಯಾರ ಮೇಲೆ ಅನುಮಾನ ಬಂದಿತೋ ಅವರ ಹೆಸರನ್ನು ಅದರಲ್ಲಿ ಬರೆದಿಟ್ಟರೆ, ಹೆಸರು ಹೊಡೆದುಹಾಕುವವರೆಗೆ ಅವರು ಸಾಕ್ಷಿ ಮನೆಯ ಯಾವ ಸಾಮಾನನ್ನೂ ಮುಟ್ಟುವಂತಿಲ್ಲ. ನನ್ನ ಹಿಂದಿನ ಗುಮಾಸ್ತರು ಹದಿನೆಂಟು ವರ್ಷದಲ್ಲಿ ಒಂಬತ್ತು ಪುಟ ತುಂಬಿಸಿದ್ದರು. ನನ್ನದು ಮೂರನೇ ಪುಸ್ತಕ ನಡೆದಿತ್ತು.

ಆ ಗುರುವಾರದ ವಿಷಯಕ್ಕೆ ಬರುತ್ತೇನೆ. ನಮ್ಮೂರಿಗೆ ಬರುವ ಬಸ್ಸಿನ ಡ್ರೈವರ್ ಯಮನಪ್ಪ ಹದಿನೆಂಟು ದಿನದಿಂದ ಜೈಲಿನಲ್ಲಿದ್ದ. ದೂರದ ಪೇಟೆಯೊಂದರಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಯಾವುದೋ ಬಸ್ಸು ಒಬ್ಬ ಹೂವಿನವಳಿಗೆ ಗುದ್ದಿ ನಿಲ್ಲಿಸದೆ ಹೋಗಿತ್ತು. ನೋಡಿದವರು ಹೇಳಿದ ನಂಬರು ಯಮನಪ್ಪನ ಬಸ್ಸಿನದು. ಆದರೆ ಅದೇ ಒಂಬತ್ತಕ್ಕೆ ಯಮನಪ್ಪನ ಬಸ್ಸು ನಮ್ಮೂರಿನ ಕಟ್ಟೆಯೆದುರು ಟೈರು ಬಿಚ್ಚಿಕೊಂಡು ನಿಂತಿತ್ತು. ಪಂಕ್ಚರ್ ಹಾಕುವ ಮೋನಪ್ಪ ಸಾಕ್ಷಿ ಹೇಳಿ, ನಾನು ಅದನ್ನು ಕಂಪ್ಯೂಟರಿಗೆ ಇಳಿಸಿಯೂ ಆಗಿತ್ತು. ಗುರುವಾರ ಸಂಜೆ ಐದರೊಳಗೆ ಅದು ಕೋರ್ಟಿಗೆ ಮುಟ್ಟಿದರೆ ಅವತ್ತೇ ಬಿಡುಗಡೆ. ತಪ್ಪಿದರೆ ಶುಕ್ರವಾರದಿಂದ ರಜೆ, ಸೋಮವಾರವೇ ಮತ್ತೆ ಬಾಗಿಲು. ಯಮನಪ್ಪನ ಒಬ್ಬಳೇ ಮಗಳು ಸೈನ್ಯದ ಆಸ್ಪತ್ರೆಗೆ ನರ್ಸಾಗಿ ಶನಿವಾರ ಬೆಳಿಗ್ಗೆ ಹೊರಡುವವಳಿದ್ದಳು. ಎರಡು ವರ್ಷ ಊರಿನ ಮುಖ ನೋಡುವಂತಿಲ್ಲ. ಅವಳನ್ನು ಸ್ಟೇಷನ್ನಿಗೆ ತನ್ನ ಬಸ್ಸಿನಲ್ಲೇ ಬಿಟ್ಟುಬರಬೇಕೆಂದು ಅವನು ವರ್ಷದಿಂದ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದ. ಅವನ ಹೆಂಡತಿ ಕಸ್ತೂರೆವ್ವ ಬೆಳಗಿನ ಮೊದಲ ಬಸ್ಸಿಗೇ ಬಂದು ಸಾಕ್ಷಿ ಮನೆಯ ಬೆಂಚಿನ ಮೇಲೆ ಕುಳಿತಿದ್ದಳು.

ಅಡ್ಡಿಯಾದದ್ದು ನಮ್ಮ ಕಂಪ್ಯೂಟರು. ಮೇಲಿನ ಕಚೇರಿಯವರು ಆ ತಿಂಗಳಿನಿಂದ ಹೊಸ ಆಫೀಸ್ ಸಾಫ್ಟ್‌ವೇರಿನಲ್ಲಿ ಮಾಡಿದ ಕಡತಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಸುತ್ತೋಲೆ ಕಳಿಸಿ, ಜೊತೆಗೆ ಒಂದು ಪೆನ್‌ಡ್ರೈವ್ ಕೊಟ್ಟಿದ್ದರು. ನಮ್ಮ ಯಂತ್ರವೋ ನಾನು ಕೆಲಸಕ್ಕೆ ಸೇರಿ ಏಳೆಂಟು ವರ್ಷಕ್ಕೆ ಬಂದದ್ದು. ಅದರ ಆಪರೇಟಿಂಗ್ ಸಿಸ್ಟಮ್ಮನ್ನು ಮಾಡಿದವರೇ ಕೈಬಿಟ್ಟು ಬಹಳ ಕಾಲವಾಗಿದೆ. ಅದನ್ನು ತೆಗೆದು ಹೊಸದು ಹಾಕೋಣ ಎಂದರೆ ಮೊಹರಿನ ಪ್ರೋಗ್ರಾಂ ನಡೆಯುವುದು ಆ ಹಳೆಯದರ ಮೇಲೆ ಮಾತ್ರ. ಬೇರೆ ಕಂಪ್ಯೂಟರಿನಿಂದ ಕಳಿಸೋಣ ಎಂದರೆ ಕೋರ್ಟು ನಮ್ಮ ಸಾಕ್ಷಿಯನ್ನು ಗುರುತಿಸುವುದೇ ಈ ಯಂತ್ರದ ನಂಬರಿನಿಂದ. ಹಾಗಾಗಿ ಹಳೆಯ ಹೊಟ್ಟೆಯೊಳಗೇ ಹೊಸದನ್ನು ತುರುಕಬೇಕಾಗಿತ್ತು.

ಅದಕ್ಕೆ ಮೆಹರುನ್ನಿಸಾಳನ್ನು ಕರೆಸಿದೆ. ನಲವತ್ತರ ಹೆಂಗಸು. ರೇಡಿಯೊ, ಮಿಕ್ಸರು, ಕಂಪ್ಯೂಟರು ಯಾವುದನ್ನು ಕೊಟ್ಟರೂ ಬಿಚ್ಚಿ, ಊದಿ, ಮತ್ತೆ ಕೂಡಿಸಿ ನಡೆಸುವವಳು. ಅವಳು ಮಾತಾಡುವುದು ಬಹಳ ಕಡಿಮೆ. ಇಡೀ ಊರೇ ಮಾತು ಕಡಿಮೆ ಇರುವಾಗ ಇವಳು ಇನ್ನೂ ಕಡಿಮೆ ಯಾಕೆ ಎಂದು ನನಗೆ ಮೊದಲಿನಿಂದಲೂ ಅವಳ ಮೇಲೆ ಒಂದು ಕಣ್ಣಿತ್ತು. ಬಂದವಳೇ ಯಂತ್ರದಲ್ಲಿದ್ದ ಸಾಕ್ಷಿಗಳನ್ನೆಲ್ಲ ತಾನು ತಂದ ಹಾರ್ಡ್‌ಡಿಸ್ಕಿನ ಡಬ್ಬಿಗೆ ನಕಲು ಮಾಡಿಕೊಂಡಳು. “ಯಾಕ?” ಅಂದೆ. “ಯಂತ್ರ ಸತ್ತರ ಕಾಗದ ಉಳೀಲಿ ಅಂತ,” ಅಂದಳು. ಸರಿಯಾದ ಉತ್ತರವೇ. ಆದರೂ ಆ ಡಬ್ಬಿ ಅವಳ ಚೀಲದ ಹತ್ತಿರವಿತ್ತು, ನಾನು ಅದನ್ನೆತ್ತಿ ನನ್ನ ಮೇಜಿನ ಮೇಲಿಟ್ಟುಕೊಂಡೆ. ಅವಳು ನೋಡಿದಳು, ಪೆನ್‌ಡ್ರೈವ್ ಕೈಗೆತ್ತಿಕೊಂಡಳು.

ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಪರದೆಯ ಮೇಲೆ ಕರಾರುಪತ್ರ ಬಂತು. ಕೊನೆಗೆ ಒಂದು ಚೌಕ, ಅದರ ಪಕ್ಕದಲ್ಲಿ ‘ನಾನು ಇದನ್ನು ಓದಿದ್ದೇನೆ, ಒಪ್ಪಿದ್ದೇನೆ’. ಬೇರೆ ಊರುಗಳಲ್ಲಿ ಇದನ್ನು ಓದದೆಯೇ ಒತ್ತುತ್ತಾರಂತೆ. ಅಷ್ಟು ಜನ ಹೇಗೆ ಊಟ ಮಾಡುತ್ತಾರೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಅದು ನಡೆಯುವುದಿಲ್ಲ. ಇಂಗ್ಲಿಷ್ ಕಲಿಸಿ ನಿವೃತ್ತರಾದ ದೇಸಾಯಿ ಮಾಸ್ತರರನ್ನು ಕರೆಸಿ ಕುರ್ಚಿ ಹಾಕಿದೆವು. ಅವರು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದರು. ಹೊತ್ತು ಕಳೆಯಲು ಬಂದವರಿಂದ ಜಗುಲಿ ತುಂಬಿತು. ಇಪ್ಪತ್ತೇಳನೇ ಕಲಮಿನಲ್ಲಿ ನಷ್ಟವಾದರೆ ಮಾಡಿದವರು ಹೊಣೆಯಲ್ಲ ಎಂದು ಬಂತು.

“ಹಂಗಾದರ ಯಾರು ಹೊಣೆ?” ಅಂದ ಮೋನಪ್ಪ.

“ಒಪ್ಪಿದವರು,” ಅಂದರು ಮಾಸ್ತರು.

“ಮೊದಲ ಟೈರು ತೂತು ಮಾಡಿ, ಪಂಕ್ಚರ್ ಹಾಕಿಸ್ಕೊಂಡವನ ಹೊಣೆ ಅಂದಂಗಾತು.”

“ಲಗೂನ ಓದ್ರಿ ಸರ,” ಅಂದಳು ಕಸ್ತೂರೆವ್ವ ಬೆಂಚಿನಿಂದ. ಆಕೆಯ ಕಣ್ಣು ಗೋಡೆಯ ಗಡಿಯಾರದ ಮೇಲೆಯೇ ಇತ್ತು.

ಓದಿ ಮುಗಿದಾಗ ಒಂದು ಗಂಟೆ. ಓದಿಸಿಕೊಂಡು ಕೇಳಿದ್ದೇನೆ, ನಿರ್ವಾಹವಿಲ್ಲದೆ ಒಪ್ಪಿದ್ದೇನೆ ಎಂದು ಗಟ್ಟಿಯಾಗಿ ಹೇಳಿ ಚೌಕ ಒತ್ತಿದೆ. ಆಗ ಯಂತ್ರ ಇನ್ನೊಂದು ಮಾತು ಹೇಳಿತು: ನಿಮ್ಮ ಆಪರೇಟಿಂಗ್ ಸಿಸ್ಟಮ್ ಬಹಳ ಹಳೆಯದು, ಇದರ ಮೇಲೆ ನಾನು ಕೂರುವುದಿಲ್ಲ.

ಮೆಹರುನ್ನಿಸಾ ಸ್ವಲ್ಪ ಹೊತ್ತು ಪರದೆ ನೋಡಿದಳು. “ಒಂದು ದಾರಿ ಐತ್ರಿ,” ಅಂದಳು. “ಯಂತ್ರದ ಒಳಗ ಒಂದು ಸಾಲಿನಾಗ ಅದರ ನಂಬರ ಬರದಿರ್ತೈತಿ. ನಮ್ದು ಏಳು. ಈ ಹೊಸಾದು ಕೇಳೂದು ಹತ್ತು. ಆ ಸಾಲಿನಾಗ ಹತ್ತು ಅಂತ ಬರದರ ಒಳಗ ಬಿಡ್ತೈತಿ. ಬಾಗಲದಾಗ ಅಷ್ಟ ಕೇಳ್ತೈತಿ, ಒಳಗ ಹೋದಮ್ಯಾಲ ಯಾರೂ ಕೇಳೂದಿಲ್ಲ. ಕೆಲಸ ಆದಮ್ಯಾಲ ಮತ್ತ ಏಳು ಮಾಡೂದು.”

ಅದು ಏಳಲ್ಲ, ಹತ್ತು ಎಂದು ಬರೆಯುವುದು! ಯಂತ್ರಕ್ಕೆ ಹೇಳಿದರೂ ಸುಳ್ಳು ಸುಳ್ಳೇ ಅಲ್ಲವೇ? ನಮ್ಮೂರಲ್ಲಿ ಯಾರೂ ಯಂತ್ರಕ್ಕೆ ಸುಳ್ಳು ಹೇಳಿ ನೋಡಿರಲಿಲ್ಲ. ನಾನು ಬರೆದರೆ, ಉಪ್ಪು ಹೋದರೆ, ಮೊಹರು ಹಾಕುವಂತಿಲ್ಲ. ಬೇರೆ ಯಾರಾದರೂ ಬರೆಯಬೇಕಿತ್ತು.

“ನಾನ ಬರೀತೀನ್ರಿ,” ಅಂದಳು ಮೆಹರುನ್ನಿಸಾ. “ಏಳು ದಿನ ತಾನ. ಸಪ್ಪನ್ನ ಉಣ್ತೀನಿ.”

ಇಲ್ಲಿ ನನ್ನ ತಲೆ ಕೆಟ್ಟಿತು. ಇಷ್ಟು ಸುಲಭವಾಗಿ ಯಾರು ಉಪ್ಪು ಬಿಡುತ್ತಾರೆ? ಏಳು ದಿನ ಅಂಗಡಿಯವನು ಮಾತು ನಂಬುವುದಿಲ್ಲ, ನೆರೆಯವರು ನೋಡುವ ನೋಟವೇ ಬೇರೆ. ಇವಳ ನಾಲಿಗೆಯಲ್ಲಿ ಉಪ್ಪು ಈಗಾಗಲೇ ಇಲ್ಲದಿದ್ದರೆ? ಇನ್ನೇನೋ ದೊಡ್ಡ ಸುಳ್ಳು ಹೇಳಿಕೊಂಡು ಬಂದು, ಅದನ್ನು ಈ ಸಣ್ಣ ಸುಳ್ಳಿನ ಕೆಳಗೆ ಮುಚ್ಚಿಡುವ ಹಂಚಿಕೆ ಇದ್ದರೆ? ನೇರವಾಗಿ ಮೂರು ಲೋಟ ಇಡೋಣವೆಂದರೆ ಅದು ಗುಮಾಸ್ತನಿಗೆ ಮಾತ್ರ ಇರುವ ಪದ್ಧತಿ. ಬೇರೆಯವರ ಮುಂದೆ ಇಟ್ಟರೆ ಮುಖಕ್ಕೆ ಉಗಿದ ಹಾಗೆ. ಊಟ ಮಾಡಿ ಶುರುಮಾಡೋಣ ಎಂದೆ. ಮನೆಯಿಂದ ತಂದ ಮಜ್ಜಿಗೆಯನ್ನು ಒಳಗೆ ಒಯ್ದು, ಒಂದು ಲೋಟಕ್ಕೆ ಮುಷ್ಟಿ ತುಂಬ ಉಪ್ಪು ಸುರಿದು ಕಲಕಿ ಅವಳಿಗೆ ಕೊಟ್ಟೆ. ಎಮ್ಮೆಯೂ ಮೂಸಿ ಬಿಡುವಂಥ ಉಪ್ಪು. ಅವಳು ಗಟಗಟ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು ಲೋಟ ಕೆಳಗಿಟ್ಟಳು. ಹುಬ್ಬು ಕೂಡ ಅಲುಗಲಿಲ್ಲ.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸಿಕ್ಕಿಬಿದ್ದಳು! ಅನುಮಾನದ ಪುಸ್ತಕ ತೆಗೆದು ಅವಳ ಹೆಸರು, ತಾರೀಖು, ಹೊತ್ತು ಬರೆದೆ. ಅಷ್ಟಕ್ಕೆ ಬಿಡದೆ, ಅವಳಿಗೆ ಏನೂ ತಿಳಿಸದೆ, ಅವಳು ಹೇಳಿದ್ದಿರಬಹುದಾದ ದೊಡ್ಡ ಸುಳ್ಳು ಏನೆಂದು ಪತ್ತೆಮಾಡಲು ಅವಳ ಅಂಗಡಿಯ ಅಕ್ಕಪಕ್ಕ ವಿಚಾರಿಸಿಕೊಂಡು ಬರಲು ಹೋದೆ. ಟೇಲರ್, ಹಿಟ್ಟಿನ ಗಿರಣಿಯವನು, ಎದುರು ಮನೆಯ ಮುದುಕಿ, ಎಲ್ಲರನ್ನೂ ಕೇಳಿದೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಅದೂ ನನಗೆ ಅನುಮಾನಕ್ಕೇ ಕಾರಣವಾಯಿತು. ವಾಪಸು ಬಂದಾಗ ಮೂರೂವರೆ.

ಮೆಹರುನ್ನಿಸಾ ಯಂತ್ರದ ಮುಂದೆಯೇ ಇದ್ದಳು. ಹೊಸ ಸಾಫ್ಟ್‌ವೇರಿಗೆ ಬೇಕಾದ ಚೂರುಪಾರುಗಳನ್ನೆಲ್ಲ ಹೊಂದಿಸಿ, ಆ ಒಂದು ಸಾಲಿನ ಮುಂದೆ ಕೈ ಕಟ್ಟಿ ಕಾಯುತ್ತಿದ್ದಳು.

“ಏಳವ್ವ ಅಲ್ಲಿಂದ,” ಅಂದೆ. “ನಿನ್ನ ಹೆಸರು ಪುಸ್ತಕದಾಗ ಬಂದೈತಿ.”

ಅವಳು ಎದ್ದು ನಿಂತಳು. “ಮಜ್ಜಿಗಿಗೆ ಬೇಕಂತ ಉಪ್ಪು ಸುರದಿದ್ರಿ, ಹೌದಲ್ರಿ?”

“ಇಲ್ಲವ್ವ, ನಮ್ಮ ಮನಿ ಮಜ್ಜಿಗಿನ ಹಂಗ,” ಅಂದೆ. ಅವಳ ಮುಖ ಬಿಳಿಚುತ್ತದೆಯೋ ಇಲ್ಲವೋ ಎಂದು ನೋಡುವುದರಲ್ಲೇ ನಾನು ಮುಳುಗಿದ್ದೆ.

“ಉಪ್ಪು ಕಣ್ಣಾಗ ನೀರು ಬರೂವಷ್ಟಿತ್ತು,” ಅಂದಳು ಅವಳು. “ನೀವು ಪರೀಕ್ಷಾ ಮಾಡಾಕ ಹತ್ತೀರಿ ಅಂತ ಮೊದಲ ಗುಟುಕಿಗೇ ತಿಳೀತು. ಕುಡದ್ನಿ, ಸುಮ್ನ ಇದ್ನಿ. ಇವರಿಗೆ ಏನ ಅನಸ್ತೈತೋ ನೋಡೂಣು ಅಂತ.”

ಅದನ್ನೂ ನಾನು ನಂಬಲಿಲ್ಲ. ಸಿಕ್ಕಿಬಿದ್ದವರೆಲ್ಲ ಹಾಗೆಯೇ ಹೇಳುವುದು ಎಂದುಕೊಂಡೆ. ಮಾಸ್ತರರು ಮಧ್ಯೆ ಬಂದು, ಹೊತ್ತಾಯಿತು, ಇರಲಿ, ಅವಳೇ ಬರೆಯಲಿ ಎಂದರು. ಈಗ ಅವಳೇ ಒಲ್ಲೆನೆಂದಳು. “ನಾ ಈಗ ಬರದರ ನನ್ನ ಉಪ್ಪು ಹೋಕ್ಕೈತಿ. ಮೊದಲ ಹೋಗಿತ್ತು ಅಂತಾರ ಇವರು. ಸಾಯೂತನಕ ಆ ಪುಸ್ತಕದಾಗ ಇರಬೇಕಾಗ್ತೈತಿ. ನಾ ಮುಟ್ಟೂದಿಲ್ರಿ.”

ಆಗ ಕಸ್ತೂರೆವ್ವ ಬೆಂಚಿನಿಂದ ಎದ್ದಳು. ಯಂತ್ರದ ಮುಂದಿನ ಕುರ್ಚಿಯಲ್ಲಿ ಬಂದು ಕುಳಿತು, “ಎಲ್ಲಿ ಒತ್ತಲಿ ಹೇಳವ್ವ ನನಗ,” ಅಂದಳು. “ಬೆಳಿಗ್ಗಿಂದ ನಿಮ್ಮ ಕೆರಿ ನೀರ ಕುಡದೀನಿ. ಉಪ್ಪು ಹೋದರ ಹೋಗಲಿ. ಹದಿನೆಂಟು ದಿನದಿಂದ ಯಾವ ರುಚಿ ಐತಿ ನನಗ?”

ಮೆಹರುನ್ನಿಸಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಬಾಯಲ್ಲೇ ಹೇಳಿಕೊಟ್ಟಳು. ಏಳನ್ನು ಅಳಿಸು. ಒಂದು ಒತ್ತು, ಸೊನ್ನೆ ಒತ್ತು. ಉಳಿಸು. ಕಸ್ತೂರೆವ್ವನ ಬೆರಳು ಪ್ರತಿ ಅಕ್ಷರಕ್ಕೂ ಗಾಳಿಯಲ್ಲಿ ಸುತ್ತಾಡಿ ಇಳಿಯುತ್ತಿತ್ತು. ಹೊಸ ಸಾಫ್ಟ್‌ವೇರು ಈ ಸಲ ಏನೂ ಕೇಳಲಿಲ್ಲ. ಒಂದು ಹಸಿರು ಪಟ್ಟಿ ಅಂಗುಲ ಅಂಗುಲವಾಗಿ ಬೆಳೆಯಿತು. ನೂರಕ್ಕೆ ಎಪ್ಪತ್ತರ ಹತ್ತಿರ ನಿಂತೇಬಿಟ್ಟಿತು. ನಾವೆಲ್ಲ ಅದನ್ನೇ ನೋಡುತ್ತ ಕುಳಿತೆವು. ಮತ್ತೆ ಚಲಿಸಿತು, ಯಂತ್ರ ಒಮ್ಮೆ ಆರಿ ಹತ್ತಿಕೊಂಡಿತು. ಮೋನಪ್ಪನ ಸಾಕ್ಷಿ ಹೊಸ ಸಾಫ್ಟ್‌ವೇರಿನಲ್ಲಿ ತೆರೆದುಕೊಂಡಾಗ ನಾಲ್ಕು ಮೂವತ್ತೈದು. ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಕಸ್ತೂರೆವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಇನ್ನು ಮೊಹರೊಂದು ಬಾಕಿ. ನೀರು, ಉಪ್ಪು ಹೊಂದಿಸಲು ಮೋನಪ್ಪ ಒಳಗೆ ಹೋದ. ಮೂರು ಲೋಟ ಬಂದವು. ಮೊದಲನೆಯದು ಕುಡಿದೆ, ನೀರು. ಎರಡನೆಯದು ಕುಡಿದೆ, ನೀರು. ಹಾಗಾದರೆ ಮೂರನೆಯದೇ ಇರಬೇಕು. ಮೂರನೆಯದನ್ನು ಕುಡಿದೆ. ಅದೂ ನೀರೇ.

“ಉಪ್ಪು ಹಾಕೂದು ಮರತೀರಿ,” ಅಂದೆ.

“ಹಾಕೀನ್ರಿ,” ಅಂದ ಮೋನಪ್ಪ.

ನಾನು ಮೆಹರುನ್ನಿಸಾಳ ಕಡೆ ನೋಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗಲೂ ನನಗೆ ಬಂದದ್ದು ಅವಳ ಮೇಲಿನ ಅನುಮಾನವೇ. ಲೋಟ ಬದಲಾಯಿಸಿದ್ದಾಳೆ, ಉಪ್ಪಿನ ಡಬ್ಬಿಗೆ ಇನ್ನೇನೋ ಹಾಕಿದ್ದಾಳೆ! “ಇದರಾಗ ಏನೋ ಆಟ ಐತಿ,” ಎಂದು ಕೂಗಿದೆ. “ಯಾರರ ಕುಡದು ನೋಡ್ರಿ. ಕಸ್ತೂರೆವ್ವ, ನೀ ನೋಡು.” ನೋಡು ಅಂದಮೇಲೆ ನೆನಪಾಯಿತು, ಆಗಷ್ಟೇ ಹತ್ತು ಎಂದು ಬರೆದವಳು ಅವಳು. ಅವಳ ನಾಲಿಗೆ ಏನು ಪ್ರಯೋಜನ? ಆದರೆ ಅಷ್ಟರಲ್ಲಿ ಅವಳು ಮೂರೂ ಲೋಟದ ತಳದಲ್ಲಿ ಉಳಿದದ್ದನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡಿದ್ದಳು.

“ನಡುವಿಂದು ಉಪ್ಪ ಐತೆಲ್ರಿ,” ಅಂದಳು. “ಚೊಲೋ ಉಪ್ಪೈತಿ.”

ಸರಿಯಾಗಿ ಹೇಳಿದ್ದಳು, ಮೋನಪ್ಪ ತಲೆಯಾಡಿಸಿದ. ಯಂತ್ರಕ್ಕೆ ಹೇಳಿದ್ದು ಅವಳ ನಾಲಿಗೆಯನ್ನು ಮುಟ್ಟಿಯೇ ಇರಲಿಲ್ಲ. ಆ ದಿನ ಆ ಕೋಣೆಯಲ್ಲಿ ಮನುಷ್ಯರು ಮನುಷ್ಯರಿಗೆ ಹೇಳಿದ ಸುಳ್ಳು ಒಂದೇ ಒಂದು. ಅದನ್ನು ಹೇಳಿದವನು ಯಾರು ಎಂದು ಜಗುಲಿಯ ಮೇಲಿದ್ದ ಇಪ್ಪತ್ತು ಜೋಡಿ ಕಣ್ಣುಗಳಿಗೂ ಒಟ್ಟಿಗೇ ತಿಳಿಯಿತು.

ಗುಮಾಸ್ತನ ಉಪ್ಪು ಹೋದರೆ ಇರುವ ವಿಧಿ ಒಂದೇ. ಅವನು ತನ್ನ ಸುಳ್ಳನ್ನು ಬರೆದು, ಎಲ್ಲರೆದುರು ಓದಿ, ಮೊಹರನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಯಂತ್ರದ ಮೇಲೆ ಮೊಹರು ಹಾಕಲು ಬಲ್ಲವರು ನನ್ನನ್ನು ಬಿಟ್ಟರೆ ಮೆಹರುನ್ನಿಸಾ ಒಬ್ಬಳೇ. ನಾನು ಕೇಳುವ ಮೊದಲೇ ಕಸ್ತೂರೆವ್ವ ಅವಳ ಕೈ ಹಿಡಿದುಕೊಂಡಿದ್ದಳು.

“ಹಾಕ್ತೀನಿ ಅಕ್ಕಾ,” ಅಂದಳು ಮೆಹರುನ್ನಿಸಾ. “ಆದರ ಪುಸ್ತಕದಾಗ ನನ್ನ ಹೆಸರು ಇರೂತನಕ ನಾ ಮುಟ್ಟಿದರ ಮೊಹರು ಖೊಟ್ಟಿ ಆಗ್ತೈತಿ. ಮೊದಲ ಇವರು ಅದನ್ನ ಹೊಡದ ಹಾಕಲಿ.”

ಹೆಸರು ಹೊಡೆದುಹಾಕುವುದು ಎಂದರೆ ಒಂದು ಗೆರೆ ಎಳೆಯುವುದಲ್ಲ. ಯಾಕೆ ಬರೆದೆ, ಹೇಗೆ ಪರೀಕ್ಷಿಸಿದೆ, ಎಲ್ಲಿ ತಪ್ಪಿದೆ ಎಂದು ಪೂರ್ತಿ ಬರೆಯಬೇಕು. ಆ ನಿಯಮವನ್ನು ಬಿಗಿ ಮಾಡಿದವನೂ ನಾನೇ. ಯಾರ ಹೆಸರೂ ಸುಲಭವಾಗಿ ಹೊರಗೆ ಬರಬಾರದು ಎಂದು. ಅವಸರಕ್ಕೆ ಬರೆದು ಎರಡು ಸಲ ಹಾಳೆ ಹಾಳಾಯಿತು. ಮಜ್ಜಿಗೆ, ಮುಷ್ಟಿ ಉಪ್ಪು, ‘ನಮ್ಮ ಮನಿ ಮಜ್ಜಿಗಿನ ಹಂಗ’ ಎಂಬ ಮಾತು ಎಲ್ಲವನ್ನೂ ಬರೆದೆ. ನಿಂತು ಓದಿದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಮತ್ತೆ ಮೂರು ಲೋಟ ಬಂದವು. ಮೆಹರುನ್ನಿಸಾ ಮೊದಲನೆಯದನ್ನು ಕುಡಿದು, ಇದೇ ಎಂದು ಕೆಳಗಿಟ್ಟಳು. ಉಳಿದೆರಡನ್ನು ಮುಟ್ಟಲೇ ಇಲ್ಲ. ಮೊಹರು ಬಿತ್ತು, ಸಾಕ್ಷಿ ಹೋಯಿತು. ಪರದೆಯ ಮೂಲೆಯಲ್ಲಿ ಹೊತ್ತು ಐದು ಹನ್ನೆರಡು ಎಂದಿತ್ತು. ಎರಡು ನಿಮಿಷದ ಮೇಲೆ ಕೋರ್ಟಿನಿಂದ ಉತ್ತರ ಬಂತು: ಸ್ವೀಕರಿಸಲಾಗಿದೆ, ಸೋಮವಾರ ನೋಡಲಾಗುವುದು.

ಕಸ್ತೂರೆವ್ವ ಅಳಲಿಲ್ಲ. ಸೆರಗು ಹೊದ್ದು, ಆರರ ಬಸ್ಸಿಗೆ ಹೋದಳು. ಶನಿವಾರ ಬೆಳಿಗ್ಗೆ ಮಗಳು ಬೇರೆ ಯಾರೋ ನಡೆಸಿದ ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋದಳೆಂದು ಕಂಡಕ್ಟರ್ ಹೇಳಿದ. ದಾರಿಯುದ್ದಕ್ಕೂ ಡ್ರೈವರ್ ಸೀಟಿನ ಹಿಂದೆಯೇ ನಿಂತಿದ್ದಳಂತೆ, ಕೂರು ಎಂದರೂ ಕೂರಲಿಲ್ಲವಂತೆ. ಅದನ್ನು ಕೇಳಿ ಮನೆಗೆ ಬಂದು ಸಪ್ಪೆ ಅನ್ನದ ಮುಂದೆ ಕುಳಿತೆ. ಉಣ್ಣಲಾಗದೆ ತಟ್ಟೆಗೇ ಕೈ ತೊಳೆದೆ.

ಸೋಮವಾರ ಯಮನಪ್ಪನನ್ನು ಬಿಟ್ಟರು. ಮಂಗಳವಾರ ಅವನೇ ಬಸ್ಸು ತಂದು ಕಟ್ಟೆಯೆದುರು ನಿಲ್ಲಿಸಿ, ಹೆಂಡತಿಯ ಜೊತೆ ಸಾಕ್ಷಿ ಮನೆಗೆ ಬಂದ. ಮೆಹರುನ್ನಿಸಾ ಯಂತ್ರದ ಮುಂದಿದ್ದಳು. ನಾನು ಬಾಗಿಲ ಪಕ್ಕದ ಬೆಂಚಿನಲ್ಲಿದ್ದೆ. ಯಮನಪ್ಪ ಸೊರಗಿ ಇಳಿದುಹೋಗಿದ್ದ, ಅಂಗಿ ಮಾತ್ರ ಇಸ್ತ್ರಿ ಮಾಡಿದ್ದು. ಹಿಂದೆಯೇ ಬಂದ ಮೋನಪ್ಪನನ್ನು ತಬ್ಬಿಕೊಂಡ, ಮೆಹರುನ್ನಿಸಾಳಿಗೆ ಬಗ್ಗಿ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿ, ಇವರದ್ದೇನು ಎಂಬಂತೆ ಹೆಂಡತಿಯನ್ನು ನೋಡಿದ.

ಕಸ್ತೂರೆವ್ವ ನೆಲ ನೋಡುತ್ತ, “ಇವರಿಂದ ನಾಕು ದಿನ ತಡಾ ಆತು,” ಅಂದಳು.

ನಾನು ಎದ್ದು ನಿಂತೆ. ಗುರುವಾರ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಅವನಿಗೆ ಹೇಳಿದೆ. ನನ್ನದು ತಪ್ಪಾಯಿತು, ಮಗಳನ್ನು ನೀನು ಬಿಟ್ಟುಬರುವುದು ನನ್ನಿಂದ ತಪ್ಪಿತು ಎಂದೆ. ಅಳು ಬಂತು. ಯಮನಪ್ಪ ಒಳ್ಳೆಯ ಮನುಷ್ಯ. ಹಿರಿಯನೊಬ್ಬ ಎದುರು ಅಳುವುದನ್ನು ಅವನಿಂದ ನೋಡಲಾಗಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, ಎಲ್ಲರೂ ಎಲ್ಲ ಕಡೆ ಅನ್ನುವ ಮಾತನ್ನು ಅನ್ನಲು ಬಾಯಿ ತೆರೆದ. “ಪರವಾ…” ಎಂದವನು ಅಲ್ಲಿಗೇ ನಿಲ್ಲಿಸಿದ. ಇಪ್ಪತ್ತು ವರ್ಷ ನಮ್ಮೂರಿಗೆ ಬಸ್ಸು ತಂದವನು, ಇಲ್ಲಿನ ನೀರು ಕುಡಿದವನು. ಬಾಯಿ ಮುಚ್ಚಿಕೊಂಡ. ಭುಜದ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು, ಹೆಂಡತಿಯನ್ನು ಕರೆದುಕೊಂಡು ಹೋಗಿ ಬಸ್ಸು ಹತ್ತಿದ.